ಕೆಂಪಾಗದ ಭಂಡಾರ

ಅರಿಷಿಣಕ್ಕೆ ವಾಸನೆ ಇರುತ್ತದೆ. ಅಂದು ಅತ್ತೆ ನನ್ನ ಹಣೆಗೆ ಹಚ್ಚಿದ ಭಂಡಾರಕ್ಕೆ ಇರಲಿಲ್ಲ.

ಭಂಡಾರವೆಂದರೆ ನಮ್ಮ ಕುರುಬರ ದೇವರು ಬೀರಪ್ಪನ ಮುಂದಿಟ್ಟ ಅರಿಷಿಣದ ಪುಡಿ. ಕುರಿ ಮೇಯಲು ಹೊರಟಾಗ, ಕೂಸು ಬೆಚ್ಚಿದಾಗ, ಜ್ವರ ಬಂದಾಗ ನಮ್ಮ ಮನೆಯಲ್ಲಿ ಅದನ್ನು ಹಣೆಗೆ ಹಚ್ಚುತ್ತಾರೆ. ಒಂದು ಚಿಟಿಕೆ ಬಾಯಿಗೂ ಹಾಕುತ್ತಾರೆ. ಗಂಡ ಭೀಮಶಿ ಹೋದ ಮೇಲೆ ನನಗೆ ಕುಂಕುಮವಿಲ್ಲ. ಭಂಡಾರ ಇದೆ. ದೇವರಿಗೆ ಆ ಭೇದ ಗೊತ್ತಿಲ್ಲ ಎನ್ನುತ್ತಾರೆ ಅತ್ತೆ.

ಹಣೆಯಿಂದ ಒಂದಿಷ್ಟು ಬೆರಳಿಗೆ ತೆಗೆದು ಉಜ್ಜಿದೆ. ಮಖಮಲ್ಲಿನ ನುಣುಪು. ನಡುವೆ ಎಳೆಎಳೆಯಾದ ಸಣ್ಣ ಹರಳು. ಬಣ್ಣ ಅರಿಷಿಣಕ್ಕಿಂತ ತಿಳಿ, ನಿಂಬೆಹಣ್ಣಿನ ಹಳದಿ.

"ಅತ್ತಿ, ಇದ ಎಲ್ಲೀದರಿ?"

"ಬೀರಪ್ಪ ತಾನ ಬೆಳಸಿದ್ದು." ಅತ್ತೆ ಲಗಮವ್ವ ಸ್ಟೀಲಿನ ಸಣ್ಣ ಡಬ್ಬಿ ಮುಚ್ಚಿ ಸೊಂಟದ ಚೀಲಕ್ಕೆ ಸೇರಿಸಿದರು. "ಗುಡ್ಡದ ಸುರಂಗದಾಗ ಗ್ವಾಡಿ ತುಂಬ ಬೆಳದಿತ್ತಂತ. ನಿನ್ನ ಗಂಡ ತಂದು ದೇವರ ಮಾಡದಾಗ ಇಟ್ಟ. ಮರದಿನಾ ಮುಂಜಾನೆದ್ದು ಹ್ವಾದ. ಇಷ್ಟ ದಿನಾ ಮುಟ್ಟಾಕ ಮನಸಾಗಿರಲಿಲ್ಲ ನನಗ. ಈಗ ರೇಷ್ಮಾಗ ದಿನಾ ಹಾಲಾಗ ಒಂದು ಚಿಟಿಕಿ ಹಾಕಿ ಕೊಡಾಕತ್ತೇನಿ. ನೋಡ್ತಿರು, ನಮ್ಮ ಭೀಮಶಿ ಅಕಿ ಹೊಟ್ಟ್ಯಾಗ ಹೊಳ್ಳಿ ಬರ್ತಾನ."

ರೇಷ್ಮಾ ಭೀಮಶಿಯ ತಂಗಿ. ಚೊಚ್ಚಲ ಹೆರಿಗೆಗೆಂದು ಬನಹಟ್ಟಿಯಿಂದ ತವರಿಗೆ ಬಂದಿದ್ದಾಳೆ. ಏಳು ತಿಂಗಳು ತುಂಬಿದೆ.

ಆಗ ನೆನಪಾಯಿತು. ನೆನಪು ಅಲ್ಲೇ ಇತ್ತು, ನಾನು ಅದರ ಕಡೆ ನೋಡಿರಲಿಲ್ಲ ಎನ್ನುವುದು ಸರಿ.

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು. ಜಮಖಂಡಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ವಾರವೆಲ್ಲ ಅಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದೆ. ಆ ಶುಕ್ರವಾರ ಭೀಮಶಿ ಫೋನು ಮಾಡಿದ್ದ.

"ಏ ಕಲ್ಲ ಮಾಸ್ತರಣಿ, ಸುರಂಗದಾಗ ಒಂದು ಹಳದಿ ಜಿನಸು ಹುಟ್ಟೇತಿ. ನಿನಗಂತ ಕೆರಕೊಂಡ ಬಂದೇನಿ. ನಾಳಿ ಬಂದು ಅದರ ಹೆಸರ ಹೇಳು. ಹೇಳಲಿಲ್ಲಂದ್ರ ನಿನ್ನ ಡಿಗ್ರಿ ವಾಪಸ್ ಮತ್ತ."

ಮರುದಿನ ನನ್ನನ್ನು ಕರೆತರಲು ಬೈಕಿನಲ್ಲಿ ಹೊರಟ. ಬೆಳಗಿನ ಮಂಜಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಿಂದಿನ ದೀಪವಿಲ್ಲದೆ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಅಷ್ಟೇ.

ಆ ಸುರಂಗ ನನಗೆ ಗೊತ್ತು. ಅನಗವಾಡಿಯಿಂದ ಆಚೆ, ಹೊಳೆಯ ಹಿನ್ನೀರು ಕಾಣುವ ಗುಡ್ಡದಲ್ಲಿದೆ. ಎಷ್ಟೋ ವರ್ಷದ ಹಿಂದೆ ಯಾರೋ ಸರ್ವೇದವರು ಕಲ್ಲು ಪರೀಕ್ಷೆಗೆಂದು ಕೊರೆದು ಬಿಟ್ಟುಹೋದದ್ದು. ಬೇಸಿಗೆಯಲ್ಲಿ ನಮ್ಮವರು ಕುರಿಗಳನ್ನು ನೆರಳಿಗೆ ಅದರ ಬಾಯಲ್ಲಿ ನಿಲ್ಲಿಸುತ್ತಾರೆ. ಅಲ್ಲಿಯ ಕಲ್ಲಿನೊಳಗೆ ಕಬ್ಬಿಣ, ಗಂಧಕ ಕೂಡಿದ ಒಂದು ಖನಿಜವಿದೆ. ಗುಡ್ಡ ಮುಚ್ಚಿಕೊಂಡಿದ್ದಷ್ಟು ಕಾಲ ಅದು ಸುಮ್ಮನಿರುತ್ತದೆ. ತೂತು ಕೊರೆದರೆ ಗಾಳಿ ಹೊಕ್ಕು, ನೀರು ಇಳಿದು, ಅದು ಕೊಳೆತು ಆಮ್ಲವಾಗುತ್ತದೆ. ಆಮ್ಲ ಕಲ್ಲಿನೊಳಗಿನ ಯುರೇನಿಯಂ ಅನ್ನು ಕರಗಿಸಿ ಗೋಡೆಗೆ ತರುತ್ತದೆ. ಮಳೆ ನಿಂತ ಮೇಲೆ ನೀರು ಆರುತ್ತದೆ. ಹಳದಿ ಉಳಿಯುತ್ತದೆ. ಮನುಷ್ಯ ಕೊರೆಯದಿದ್ದರೆ ಬಹುಶಃ ಹುಟ್ಟುತ್ತಲೇ ಇರಲಿಲ್ಲ.

ಧಾರವಾಡದ ಪ್ರಯೋಗಾಲಯದಲ್ಲಿ ಇಂಥ ಒಂದು ತುಣುಕು ಗಾಜಿನ ಕಪಾಟಿನಲ್ಲಿತ್ತು. ಹೊರದೇಶದ ಹಳೆಯ ಗಣಿಯೊಂದರದು. ಅಪರೂಪದ್ದೆಂದು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಹುಳಿ ತಾಗಿದರೆ ಬೇಗ ಕರಗುತ್ತದೆ ಎಂದು ಓದಿದ್ದೆ. ಹೊಟ್ಟೆಯಲ್ಲಿರುವುದೂ ಹುಳಿಯೇ. ಕರಗಿದ್ದು ರಕ್ತಕ್ಕೆ ಸೇರಿ ಮೊದಲು ಕೆಡಿಸುವುದು ಮೂತ್ರಪಿಂಡವನ್ನು.

ರೇಷ್ಮಾಳ ಕಾಲು ಬಾತಿದ್ದವು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಬಸುರಿಯರಲ್ಲಿ ಕೆಲವರಿಗೆ ಹೀಗಾಗುತ್ತದೆ, ಉಪ್ಪು ಕಡಿಮೆ ಮಾಡಿ ಎಂದು ಜಮಖಂಡಿಯ ಡಾಕ್ಟರು ಹೇಳಿ ಕಳಿಸಿದ್ದರು.

ನಾನು ಮುಖ ತೊಳೆದುಕೊಂಡು ಬಂದು ಹೇಳಿದೆ. "ಅತ್ತಿ, ಅದು ಅರಿಷಿಣ ಅಲ್ರಿ. ಕಲ್ಲಿನ ವಿಷ. ಅಕಿಗೆ ಕೊಡಬ್ಯಾಡ್ರಿ."

"ನನ್ನ ಮಗ ತಂದಿದ್ದು ವಿಷಾ?"

ಅತ್ತೆ ಸೊಂಟದ ಚೀಲ ಬಿಗಿದುಕೊಂಡು ಒಳಗೆ ಹೋದರು.

ರೇಷ್ಮಾಳಿಗೆ ಬೇರೆಯಾಗಿ ಹೇಳಿದೆ. ಅವಳು ಹೊರಸಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು.

"ವೈನಿ, ನೀವು ಹೇಳೂದು ಖರೆ ಇರಬೇಕು. ಆದ್ರ ಅವ್ವ ಲೋಟ ಖಾಲಿ ಆಗೂಮಟ ಎದುರಿಗೆ ನಿಂದರ್ತಾಳ. ಅಣ್ಣ ಹ್ವಾದಾಗಿಂದ ಅಕಿ ನಗೂದು ಅದೊಂದ ಹೊತ್ತು." ಹೊಟ್ಟೆ ಮುಟ್ಟಿಕೊಂಡಳು. "ಮತ್ತ, ಅಂವ ಖರೇನ ಹೊಳ್ಳಿ ಬಂದ್ರ?"

ಡಬ್ಬಿ ಕದಿಯುವ ಯೋಚನೆ ಬಂತು. ಕದ್ದು ಫಲವಿರಲಿಲ್ಲ. ಸುರಂಗದ ಗೋಡೆಯಲ್ಲಿ ಇನ್ನೂ ಇತ್ತು, ದಾರಿ ಎಲ್ಲರಿಗೂ ಗೊತ್ತಿತ್ತು.

ಭೀಮಶಿಯ ಒಂದು ನೀಲಿ ಬೆಳಕಿನ, ನೇರಳಾತೀತ ಕಿರಣದ ಟಾರ್ಚಿತ್ತು. ಕುರಿಹಟ್ಟಿಯಲ್ಲಿ ಚೇಳು ಹುಡುಕಲು ತರಿಸಿಕೊಂಡದ್ದು. ಆ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ. ಕಪಾಟಿನ ತುಣುಕೂ ಹಾಗೆಯೇ ಹೊಳೆಯುತ್ತಿತ್ತು. ಮಧ್ಯಾಹ್ನ ದೇವರ ಕೋಣೆಯ ಬಾಗಿಲು ಮುಚ್ಚಿ, ಅತ್ತೆಗೆ ಡಬ್ಬಿ ತೆರೆಯಲು ಹೇಳಿ, ಟಾರ್ಚು ಒತ್ತಿದೆ. ಭಂಡಾರ ಉರಿದಂತೆ ಬೆಳಗಿತು. ಹಳದಿಯೂ ಅಲ್ಲದ, ಹಸಿರೂ ಅಲ್ಲದ ಬೆಳಕು. ಅತ್ತೆಯ ಬೆರಳ ತುದಿ ಹೊಳೆಯಿತು. ಭಂಡಾರ ಇಟ್ಟಿದ್ದ ಗೋಡೆಯ ಮಾಡದ ಅಂಚು ಹೊಳೆಯಿತು. ರೇಷ್ಮಾಳ ಹಾಲಿನ ಲೋಟದ ಕಂಠವೂ.

"ನೋಡ್ರಿ. ಅರಿಷಿಣ ಹಿಂಗ ಹೊಳೀತೈತೇನ್ರಿ?"

ಅತ್ತೆ ನಡುಗುತ್ತಿದ್ದರು. ಹೆದರಿದರು ಎಂದುಕೊಂಡೆ. ಅವರು ನೆಲಕ್ಕೆ ಹಣೆ ಹಚ್ಚಿದರು.

"ಬೀರಪ್ಪಾ, ನನ್ನಪ್ಪಾ! ಕಣ್ಣಿಗೆ ಕಂಡಿ!"

"ಅತ್ತಿ, ಚೇಳೂ ಹಿಂಗ ಹೊಳೀತೈತ್ರಿ."

"ಚೇಳೇನ್ ನಿಮ್ಮಪ್ಪ ಮಾಡ್ಯಾನೇನ್? ಅದೂ ಅವನದ."

ಸಂಜೆಗೆ ಓಣಿಯ ಹೆಂಗಸರೆಲ್ಲ ಬಂದರು. ಹೊಳೆಯುವ ಭಂಡಾರ ನೋಡಬೇಕೆಂದರು. ದಾನಮ್ಮ ಎಂಬಾಕೆ ಮೊಮ್ಮಗನ ಕೆಮ್ಮಿಗೆ ಒಂದು ಚಿಟಿಕೆ ಕೇಳಿದರು. ಅತ್ತೆ, "ನಾಡದ ರೇಷ್ಮಾನ ಕುಬಸ ಐತಿ, ಎಲ್ಲಾರಿಗೂ ಹೋಳಿಗಿ ಹೂರಣದಾಗ ಹಾಕಿ ನೀಡ್ತೇನಿ" ಎಂದು ಸೀಮಂತಕ್ಕೆ ಕರೆದು ಮಾತು ಕೊಟ್ಟರು. ಟಾರ್ಚು ನನ್ನ ಕೈಯಲ್ಲೇ ಇತ್ತು. ತಡೆಯಲು ಹೋಗಿ ನಾನು ಮಾಡಿದ್ದು ಇಷ್ಟು.

ಮಾವ ಹಾಲಸಿದ್ದಪ್ಪನವರ ಬಳಿ ಹೋದೆ. ಹಟ್ಟಿಯ ಮುಂದೆ ಕೂತು ಮರಿಯೊಂದರ ಗೊರಸು ನೋಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಈ ವರ್ಸ ಸುರಂಗದ ಗ್ವಾಡಿ ನೆಕ್ಕಿದ ಎರಡು ಮರಿ ಸತ್ತು. ಹಾವು ಮುಟ್ಟಿರಬೇಕು ಅಂದಿದ್ದೆ." ಮರಿಯನ್ನು ಕೆಳಗೆ ಬಿಟ್ಟರು. "ಆದ್ರ ನಿಮ್ಮತ್ತಿಗೆ ನಾ ಏನ್ ಹೇಳ್ಲಿ? ನಲವತ್ತು ವರ್ಸದಾಗ ನನ್ನ ಮಾತು ಒಂದ ಸಲಾನೂ ಕೇಳಿಲ್ಲ ಅಕಿ. ಅಕಿಗೆ ತಿಳಿಯೂ ಹಂಗ ನೀನ ಏನರ ತೋರಸು."

ಅಕಿಗೆ ತಿಳಿಯುವ ಹಾಗೆ. ಕುಬಸದ ದಿನ ಬೆಳಿಗ್ಗೆಯವರೆಗೂ ನನಗೆ ಅದು ಹೊಳೆಯಲಿಲ್ಲ.

ಹಸಿರು ಸೀರೆ, ಹಸಿರು ಬಳೆ ತೊಟ್ಟು ರೇಷ್ಮಾ ಹೊರಸಿನ ಮೇಲೆ ಕೂತಿದ್ದಳು. ಹೊರಗೆ ಹೆಂಗಸರು ಹಾಡು ಶುರುಮಾಡಿದ್ದರು. ಹೂರಣ ಇನ್ನೂ ಒಲೆಯ ಮೇಲಿತ್ತು. ಡಬ್ಬಿ ಅದರ ಪಕ್ಕದಲ್ಲಿ. ಅತ್ತೆ ಆರತಿಯ ತಾಟು ತೆಗೆದು ಸುಣ್ಣದ ಡಬ್ಬಿಗೆ ಕೈಹಾಕಿದರು. ಆರತಿಯ ಕೆಂಪು ನೀರಿಗೆ ಕುಂಕುಮ ಹಾಕುವುದಿಲ್ಲ. ಅರಿಷಿಣಕ್ಕೆ ಸುಣ್ಣ ಕಲಸಿದರೆ ತಾನೇ ಕೆಂಪಾಗುತ್ತದೆ. ನಮ್ಮಲ್ಲಿ ನಡೆಯಲು ಕಲಿತ ಹೆಣ್ಣುಮಗುವಿಗೂ ಅದು ಗೊತ್ತು.

ನಾನು ಹೊಸ್ತಿಲ ಈಚೆ ನಿಂತಿದ್ದೆ. ಅಂಥ ದಿನ ನಾನು ನಿಲ್ಲುವುದು ಅಲ್ಲಿಯೇ.

"ಅತ್ತಿ, ಆರತಿ ನೀರಿಗೆ ಅವರು ತಂದ ಭಂಡಾರ ಹಾಕ್ರಿ. ತಂಗಿ ಕುಬಸಕ್ಕ ಅಣ್ಣ ಬಂದಂಗ ಆಗ್ತೈತಿ."

ಅತ್ತೆ ನನ್ನನ್ನು ನೋಡಿದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನನ್ನ ಬಗ್ಗೆ ಪ್ರೀತಿ ಕಂಡಿತು. ಅದನ್ನು ನೋಡುವುದು ಕಷ್ಟವಾಯಿತು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಬಲೆಯಾಗಿತ್ತು.

"ಖರೆ ನೋಡ ಯವ್ವಾ. ನನಗ ಹೊಳೀಲೇ ಇಲ್ಲ."

ತಾಟಿನ ನೀರಿಗೆ ಎರಡು ಚಿಟಿಕೆ ಭಂಡಾರ ಹಾಕಿ, ಸುಣ್ಣ ಹಾಕಿ, ಬೆರಳಿಂದ ತಿರುವಿದರು. ನೀರು ಕದಡಿತು. ಹಳದಿಯಾಗಿಯೇ ಉಳಿಯಿತು.

ಇನ್ನಷ್ಟು ಸುಣ್ಣ ಹಾಕಿದರು. ಹಳದಿ ಪುಡಿ ಮೊಸರು ಒಡೆದಂತೆ ತಳಕ್ಕೆ ಇಳಿಯತೊಡಗಿತು.

"ಸುಣ್ಣ ಹಳೇದಾಗಿರಬೇಕು," ಎಂದರು. ಇನ್ನೊಂದು ತಾಟು ತೆಗೆದರು. ಅಡುಗೆಯ ಅರಿಷಿಣ, ಅದೇ ಸುಣ್ಣ. ಬೆರಳು ಮುಟ್ಟಿಸಿದ್ದೇ ತಡ, ನೀರು ಕೆಂಪಾಯಿತು.

ಎರಡು ತಾಟುಗಳ ನಡುವೆ ಅತ್ತೆ ಕುಕ್ಕರಗಾಲಲ್ಲಿ ಕೂತರು. ಹೊರಗೆ ಹಾಡು ನಡೆದೇ ಇತ್ತು. ಯಾರೋ ಆರತಿ ತನ್ನಿರಿ ಎಂದು ಕೂಗಿದರು.

"ಅರಿಷಿಣ ಅಲ್ಲ ಇದು."

"ಅಲ್ರಿ."

"ಎಷ್ಟ ಕುಡಿಸೇನಿ ಅಕಿಗೆ..." ಅವರು ಕೈಯನ್ನು ಸೀರೆಗೆ ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ನಾನು ಹೊಸ್ತಿಲು ದಾಟಿ ಒಳಗೆ ಹೋಗಿ ಅವರ ಕೈಹಿಡಿದು ಸಾಬೂನು ಹಚ್ಚಿ ತೊಳೆದೆ. ಅವರು ಬೇಡವೆನ್ನಲಿಲ್ಲ.

"ಅಂವಗ ಗೊತ್ತಿತ್ತೇನ, ಮಾಲಾ?"

"ಇಲ್ರಿ. ಇದೇನು ಅಂತ ಕೇಳಾಕ ತಂದಿದ್ರು."

"ಯಾರನ್ನ ಕೇಳಾಕ?"

ನಾನು ಅವರ ಕೈಗೆ ಇನ್ನೊಮ್ಮೆ ನೀರು ಹಾಕಿದೆ. ಅವರಿಗೆ ತಿಳಿಯಿತು.

"ಹಂಗಾರ ದೇವರಿಗೆ ತಂದದ್ದಲ್ಲ. ನನಗೂ ಅಲ್ಲ." ಒಲೆಯ ಪಕ್ಕದ ಡಬ್ಬಿಯನ್ನು ಸೆರಗಿನಿಂದ ಹಿಡಿದು ನನ್ನ ಕಡೆ ಚಾಚಿದರು. "ತಗೊ. ನಿಂದದು."

ಮಗನನ್ನು ಎರಡನೆಯ ಸಲ ಅವರಿಂದ ಕಸಿದುಕೊಂಡಂತಾಯಿತು. ಆದರೂ ತೆಗೆದುಕೊಂಡೆ.

ಆರತಿ ಕೆಂಪು ನೀರಿನಲ್ಲೇ ಆಯಿತು. ಹೋಳಿಗೆಯಲ್ಲಿ ಬೆಲ್ಲವಷ್ಟೇ ಇತ್ತು. ಭಂಡಾರವೆಲ್ಲಿ ಎಂದು ದಾನಮ್ಮ ಕೇಳಿದಾಗ ಅತ್ತೆ, "ಅದು ಕೆಂಪಾಗಲಿಲ್ಲ ಯವ್ವಾ, ಬ್ಯಾಡ" ಎಂದರು. ದಾನಮ್ಮ ಬಾಯಿಗೆ ಸೆರಗು ಹಚ್ಚಿದರು. ಮತ್ತೆ ಯಾರೂ ಕೇಳಲಿಲ್ಲ. ಮಾವ ಅಂದೇ ಜಾಲಿಯ ಕಂಟಿ ಕಡಿದುಕೊಂಡು ಹೋಗಿ ಸುರಂಗದ ಬಾಯಿಗೆ ಬೇಲಿ ಹಾಕಿ ಬಂದರು. ಹಳದಿ ಉಳಿದ ತಾಟಿನ ನೀರನ್ನು ನಾನು ಚೆಲ್ಲಲಿಲ್ಲ. ಡಬ್ಬಿಯನ್ನೂ ನೀರನ್ನೂ ಗಾಜಿನ ಬರಣಿಗಳಲ್ಲಿ ಹಾಕಿ, ಬಾಯಿಗೆ ಮೇಣ ಮೆತ್ತಿದೆ. ಧಾರವಾಡದಲ್ಲಿ ನನಗೆ ಕಲಿಸಿದ ಮೇಡಂ ತಾವೇ ಬಂದು ಒಯ್ಯುವುದಾಗಿ ಹೇಳಿದ್ದಾರೆ. ಅಲ್ಲಿ ಖನಿಜ ಗುರುತಿಸುವ ಯಂತ್ರವಿದೆ. ಕಪಾಟಿನಲ್ಲಿದ್ದ ಅದೇ ಖನಿಜವೋ, ಅದರ ಸಂಬಂಧದ ಇನ್ನೊಂದೋ, ಆಮೇಲೆ ಗೊತ್ತಾಗುತ್ತದೆ.

ಮರುದಿನ ರೇಷ್ಮಾಳನ್ನು ಕರೆದುಕೊಂಡು ಜಮಖಂಡಿಗೆ ಹೋದೆವು. ಡಾಕ್ಟರಿಗೆ ನಾನೇ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಮತ್ತೆ ರಕ್ತ, ಮತ್ತೆ ಮೂತ್ರ ತೆಗೆದುಕೊಂಡರು. ಬೆಳಗಾವಿಗೆ ಕಳಿಸಬೇಕಾಗಬಹುದು, ವರದಿ ಬರಲಿ ಎಂದರು. ಕೂಸಿನ ಎದೆಬಡಿತ ಕೇಳಿಸಿದರು. ಅದು ಓಡುತ್ತಿತ್ತು. ಅದರಿಂದ ಏನನ್ನೂ ಹೇಳಲಾಗದು ಎಂದೂ ಹೇಳಿದರು.

ಹೊರಗಿನ ಬೆಂಚಿನ ಮೇಲೆ ಮೂವರೂ ಕೂತೆವು. ರೇಷ್ಮಾ ನಡುವೆ.

"ವೈನಿ, ಹಸಿವಿ ಆಗೇತಿ. ಏನರ ಕೊಡಸ್ರಿ. ದೇವರು ಬೆಳಸಿದ್ದ ಒಂದು ಬಿಟ್ಟು."

ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗದೆ ಕೇಳಿದರು. "ಅಂವ ಕೇಳಿದ್ನಲ್ಲ ಹೆಸರ, ಏನದು?"

ಫೋನಿನ ಆ ಮಾತಿಗೆ ನಾನು ಉತ್ತರ ಕೊಟ್ಟಿರಲಿಲ್ಲ.

"ಯುರೇನೋಪಿಲೈಟ್ ಇರಬೇಕ್ರಿ."

"ಹಂಗಂದ್ರ?"

"ಮೊದಲ ಅರ್ಧ ಯುರೇನಿಯಂ. ಉಳದ ಅರ್ಧ ಗ್ರೀಕ್ ಮಾತಂತ. ಒತ್ತಿ ಒತ್ತಿ ಹಾಸಿದ ಉಣ್ಣಿ ಅಂತ. ಕಲ್ಲಿನ ಮ್ಯಾಲ ಅದು ಹಂಗ ಕಾಣಸ್ತೈತ್ರಿ."

ಅತ್ತೆ ತಮ್ಮ ಕೈ ನೋಡಿಕೊಂಡರು. ಆ ಕೈಗಳು ಎಷ್ಟು ಉಣ್ಣೆ ಒತ್ತಿವೆಯೋ.

"ಕುರಬರ ಯಾರೋ ಇಟ್ಟಿರಬೇಕು ಹೆಸರು," ಎಂದರು. "ಅಂವ ಕೇಳಿದ್ರ ನಕ್ಕ ಬಿಡತಿದ್ದ."

ಒಳಗಿನಿಂದ ನರ್ಸು ರೇಷ್ಮಾಳ ಹೆಸರು ಕರೆದಳು. ಅತ್ತೆ ಒಂದು ಕೈ, ನಾನು ಒಂದು ಕೈ ಹಿಡಿದು ಅವಳನ್ನು ಎಬ್ಬಿಸಿದೆವು.