ಸಿಫುವಿನ ಸಿಲಿಕೋನ್

ಮಲಯ ನಾಡಿನ ಇಪೋ ಪಟ್ಟಣದಲ್ಲಿ ಈಗ ಸಿಫುಗಳಿಗೆ ಬರವಿಲ್ಲ. ಸಿಫು ಅಂದರೆ ಗುರು, ಕೈಯಲ್ಲಿ ವಿದ್ಯೆ ಇರುವವನು. ತವಮಣಿಯ ಅಪ್ಪನ ಕಾಲದಲ್ಲಿ ಹಾಗೆ ಕರೆಸಿಕೊಳ್ಳಬೇಕಾದರೆ ಕೂದಲು ನೆರೆತು, ಎರಡು ಬೆರಳಾದರೂ ಜಖಂ ಆಗಿರಬೇಕಿತ್ತು. ಈಗ ಹತ್ತು ಬೆರಳೂ ನೆಟ್ಟಗಿರುವ ವೂನ್ ಕೆಟ್ ಸಿಯೋಂಗ್ ಎಂಬ ಮಹಾಶಯ, ಎದೆಯ ಮೇಲೆ 'ಸಿಫು ವೂನ್' ಎಂದು ಕಸೂತಿ ಹಾಕಿಸಿದ ಅಂಗಿ ತೊಟ್ಟು, ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು ಎಂಜಿನ್ನುಗಳ ಬಗ್ಗೆ ಪ್ರವಚನ ಕೊಡುತ್ತಾನೆ. ಇಪ್ಪತ್ತು ಸಾವಿರ ಜನ ನೋಡುತ್ತಾರೆ. ಅವರಲ್ಲಿ ಹತ್ತೊಂಬತ್ತು ಸಾವಿರ ಜನಕ್ಕೆ ಬೇಕಾದದ್ದು ಎಂಜಿನ್ ಅಲ್ಲ, ಆಕ್ಸಿಲರೇಟರ್ ಬಿಟ್ಟಾಗ, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ 'ಸ್ಟುಟುಟುಟು' ಎಂದು ಹಲ್ಲು ಕಡಿಯುವ ಸದ್ದು. ಅದನ್ನು ಕೇಳಿ ದೇವರ ಭಜನೆ ಕೇಳಿದವರಂತೆ ತಲೆದೂಗುತ್ತಾರೆ.

ತವಮಣಿಗೆ ಈ ಮಂದಿಯನ್ನು ಕಂಡರೆ ಮೈಯೆಲ್ಲ ಉರಿ. ಊರಂಚಿನ ಬುಂತೋಂಗಿನ ಅವಳ ಶೆಡ್ಡಿನಲ್ಲಿ ಕಸೂತಿಯೂ ಇಲ್ಲ, ಕ್ಯಾಮೆರಾವೂ ಇಲ್ಲ. ಅವಳದು ಹೆಡ್ಡಿನ ಕೆಲಸ. ಎಂಜಿನ್ನಿನ ನೆತ್ತಿಯ ಮೇಲೆ ಕೂರುವ, ವಾಲ್ವುಗಳೆಲ್ಲ ಸೇರಿಕೊಂಡಿರುವ ಆ ಲೋಹದ ಗಟ್ಟಿಯನ್ನು ಸಮ ಮಾಡುವುದು, ವಾಲ್ವುಗಳನ್ನು ಅರೆದು ಕೂರಿಸುವುದು. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಸಿಫು ವೂನ್ ಕಳಿಸುವ ಹೆಡ್ಡುಗಳೆಲ್ಲ ಅವಳ ಕೈಯಲ್ಲೇ ಹಾದು ಹೋಗುತ್ತಿದ್ದವು. ಕ್ಯಾಮೆರಾದ ಮುಂದೆ ಮಾತ್ರ ಅವನು ಅವನ್ನು ಮಗುವಿನ ಹಾಗೆ ಎತ್ತಿ ಹಿಡಿದು "ನಮ್ಮಲ್ಲೇ ಮಾಡಿದ್ದು" ಎನ್ನುತ್ತಿದ್ದ. ತವಮಣಿ ನಕ್ಕು ಸುಮ್ಮನಾಗಿದ್ದಳು. ಕೆಲಸ ಬರುತ್ತಿತ್ತಲ್ಲ, ಸಾಕು.

ಆ ಗುರುವಾರ ಮಾತ್ರ ಸುಮ್ಮನಿರಲು ಆಗಲಿಲ್ಲ. ಬೆಳಿಗ್ಗೆ ಒಂದು ವರ್ಕ್‌ಶಾಪಿನವರು ಫೋನ್ ಮಾಡಿ, "ಅಕ್ಕ, ನಮ್ಮ ಹೆಡ್ ಈಗ್ಲೇ ಮುಟ್ಬೇಡಿ, ಆಮೇಲೆ ಹೇಳ್ತೀವಿ" ಅಂದರು. ಊಟದ ಹೊತ್ತಿಗೆ ಇನ್ನೊಬ್ಬರು ಬಂದು, ಏನೋ ನೆಪ ಹೇಳಿ, ಕೊಟ್ಟಿದ್ದ ಹೆಡ್ಡನ್ನು ಹಾಗೇ ಎತ್ತಿಕೊಂಡು ಹೋದರು. ಕಾರಣ ಏನೆಂದು ಸಿಫುವಿನ ಹೊಸ ವಿಡಿಯೊ ನೋಡಿದ ಮೇಲೆ ಗೊತ್ತಾಯಿತು.

ಅದರಲ್ಲಿದ್ದದ್ದು ಶಹ್ರಿಲ್ ಎಂಬ ಗಣಿತದ ಮೇಷ್ಟ್ರ ಕಾರು. ಜಪಾನಿನಲ್ಲಿ ಅರ್ಧಕ್ಕೆ ಕತ್ತರಿಸಿ ಹಡಗಿಗೆ ಹಾಕಿದ ಕಾರುಗಳಿಂದ ಬಿಚ್ಚಿದ ಎಂಜಿನ್ನೊಂದನ್ನು ಅದಕ್ಕೆ ಕೂರಿಸಿದ್ದರು. ಟರ್ಬೊ ಇರುವ, ವಾಲ್ವು ತೆರೆಯುವ ಹೊತ್ತನ್ನು ತಾನೇ ಹಿಂದೆಮುಂದೆ ಮಾಡಿಕೊಳ್ಳುವ ಜಾಣ ಎಂಜಿನ್. ಸಿಫು ಅದಕ್ಕೆ ಇನ್ನೂ ದೊಡ್ಡ ಟರ್ಬೊ ಹಾಕಿದ್ದ. ಈಗ ಅದು ನಡುವೇಗದಲ್ಲಿ ಏದುಸಿರು ಬಿಡುತ್ತಿತ್ತು, ವಾಲ್ವುಗಳನ್ನು ಒತ್ತಿ ತೆರೆಯುವ ಕ್ಯಾಮ್ ದಂಡ ಹೇಳಿದ ಜಾಗಕ್ಕೆ ತಿರುಗುತ್ತಿರಲಿಲ್ಲ. ಸಿಫು ಕ್ಯಾಮೆರಾದತ್ತ ತಿರುಗಿ ನಿಟ್ಟುಸಿರು ಬಿಟ್ಟು ಹೇಳಿದ್ದ: "ಏನ್ ಮಾಡೋದು ಸ್ನೇಹಿತರೇ. ಹೆಡ್ ಕೆಲಸ ಬುಂತೋಂಗಲ್ಲಿ ಒಬ್ಬ ಆಂಟಿ ಹತ್ರ ಮಾಡಿಸಿದ್ವಿ. ಸಿಕ್ಕಾಪಟ್ಟೆ ಉಜ್ಜಿಬಿಟ್ಟಿದಾಳೆ. ವಾಲ್ವ್ ಟೈಮಿಂಗೆಲ್ಲ ಹೋಯ್ತು."

ಇಷ್ಟು ವರ್ಷ ಒಳ್ಳೆಯದಕ್ಕೆಲ್ಲ 'ನಮ್ಮಲ್ಲೇ', ಕೆಟ್ಟದ್ದು ಬಂದ ಕೂಡಲೇ 'ಬುಂತೋಂಗಲ್ಲಿ'. ಹೆಡ್ಡಿನ ಕೆಲಸಕ್ಕೆ ಬೋರ್ಡು ಬೇಕಿಲ್ಲ, ಹೆಸರೊಂದೇ ಬೇಕು. ಅದು ಹೋದರೆ ಇಡೀ ಇಪೋದಲ್ಲಿ ಯಾರೂ ಅವಳ ಶೆಡ್ಡಿಗೆ ಕಾಲಿಡುವುದಿಲ್ಲ. ತವಮಣಿಗೆ ಸಿಟ್ಟಿಗಿಂತ ಮೊದಲು ಹೆದರಿಕೆಯಾಯಿತು. ಆಮೇಲೆ, ಆ ಬಡಾಯಿಗಾರ ತನ್ನನ್ನು ಹೆದರಿಸಿದನಲ್ಲ ಎಂದು ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಅವಳು ಮೆಂಗ್ಲೆಂಬು ಬಡಾವಣೆಯಲ್ಲಿದ್ದ ಸಿಫುವಿನ ವರ್ಕ್‌ಶಾಪಿಗೆ ಹೋದಳು. ಶಹ್ರಿಲನ ಕಾರನ್ನು ಡೈನೊ ಉರುಳೆಗಳ ಮೇಲೆ ಹತ್ತಿಸಿ, ನಿಂತಲ್ಲೇ ಓಡಿಸಿ ಶಕ್ತಿ ಅಳೆಯುತ್ತಿದ್ದರು. ಸುತ್ತ ಹತ್ತು ಹದಿನೈದು ಪಡ್ಡೆಗಳು, ಕೈಯಲ್ಲಿ ತಣ್ಣನೆ ಚಹಾದ ಪೊಟ್ಟಣಗಳು. ಕೋಲಿನ ತುದಿಯಲ್ಲಿ ಫೋನು ಕಣ್ಣು ಬಿಟ್ಟಿತ್ತು.

"ಓ, ಆಂಟಿನೇ ಬಂದ್ರಾ!" ಎಂದ ಸಿಫು, ಮಲಯ ಭಾಷೆಯಲ್ಲಿ, ಎಲ್ಲರಿಗೂ ಕೇಳಲೆಂದು. "ಇಷ್ಟು ಬಿಸಿಲಲ್ಲಿ ಯಾಕ್ ಬರೋಕ್ ಹೋದ್ರಿ?"

"ನಿನಗಿಂತ ಎರಡು ವರ್ಷಕ್ಕೆ ಚಿಕ್ಕೋಳು ನಾನು. ನಿನ್ನ ಕೂದಲಿನ ಬಣ್ಣ ತೊಳ್ಕೊಂಡು ಬಾ, ಆಮೇಲೆ ಯಾರು ಆಂಟಿ, ಯಾರು ಅಂಕಲ್ ಅಂತ ಇವ್ರೇ ಹೇಳ್ತಾರೆ."

ಪಡ್ಡೆಗಳು ಕಿಸಕ್ಕೆಂದವು. ಸಿಫು ನಗಲಿಲ್ಲ.

"ಏನು ಮಾಡ್ಬೇಕಂತಿದೀಯ ಇದಕ್ಕೆ?" ತವಮಣಿ ಕಾರಿನ ಕಡೆ ಗದ್ದ ಚಾಚಿ ಕೇಳಿದಳು.

"ಕ್ಯಾಮ್ ತಿರುಗೋದನ್ನೇ ಲಾಕ್ ಮಾಡ್ತೀನಿ. ಒಂದೇ ಜಾಗದಲ್ಲಿ ಬೀಗ. ಟರ್ಬೊಗೆ ಈ ನಾಜೂಕೆಲ್ಲ ಆಗ್ಬರಲ್ಲ."

"ಭೇಷ್! ಕಾಲು ಕಟ್ಟಿ ಓಟಕ್ಕೆ ಬಿಡು. ನಾಜೂಕು ಅರ್ಥ ಆಗದೋರೆಲ್ಲ ಬೀಗನೇ ಹುಡ್ಕೋದು." ಅವಳು ಲ್ಯಾಪ್‌ಟಾಪಿನ ಮುಂದೆ ಬಗ್ಗಿದಳು. ಪರದೆಯ ಮೇಲೆ ಎರಡು ಗೆರೆ: ಎಂಜಿನ್ ಕ್ಯಾಮಿಗೆ ಹೇಳಿದ್ದು ಒಂದು, ಕ್ಯಾಮ್ ಮಾಡಿದ್ದು ಇನ್ನೊಂದು. "ಮೇಷ್ಟ್ರೇ, ಇಲ್ಲಿ ಬನ್ನಿ. ಕಾರು ಸುಮ್ಮನೆ ನಿಂತು ಗುರುಗುಟ್ಟುವಾಗ ಈ ಗೆರೆಗಳು ಹೇಗಿವೆ?"

ಶಹ್ರಿಲ್ ಕನ್ನಡಕ ಏರಿಸಿಕೊಂಡು ನೋಡಿದ. "ಒಂದರ ಮೇಲೊಂದು ಕೂತಿವೆ ಅಕ್ಕ."

"ವೇಗ ಏರಿದಾಗ?"

"ಎರಡನೇದು ಹಿಂದೆ ಬೀಳತ್ತೆ. ಬರಬರ್ತಾ ಇನ್ನೂ ಹಿಂದೆ."

"ನಾನು ಹೆಡ್ ಜಾಸ್ತಿ ಉಜ್ಜಿದ್ರೆ ಕ್ಯಾಮ್ ಯಾವಾಗ್ಲೂ ಒಂದೇ ಅಳತೆ ತಪ್ಪಿರ್ಬೇಕು. ನಿಂತಾಗ್ಲೂ ಅಷ್ಟೇ, ಓಡುವಾಗ್ಲೂ ಅಷ್ಟೇ. ಕ್ಷೌರದೋನು ಜಾಸ್ತಿ ಕತ್ತರಿಸಿದ ಕೂದಲು ಮಧ್ಯಾಹ್ನ ಉದ್ದ ಆಗಿ ಸಂಜೆ ಗಿಡ್ಡ ಆಗತ್ತಾ?"

ಶಹ್ರಿಲನ ದನಿ ತರಗತಿಯ ದನಿಯಾಯಿತು. "ಅಂದ್ರೆ ತಪ್ಪು ಸ್ಥಿರವಾಗಿರ್ಬೇಕಿತ್ತು. ಇಲ್ಲಿ ಅದು ಬದಲಾಗ್ತಿದೆ. ಹಾಗಾದ್ರೆ ಹೆಡ್ ಕಾರಣ ಅಲ್ಲ."

"ಅಲ್ಲವೇ ಅಲ್ಲ. ಕ್ಯಾಮನ್ನ ತಿರುಗಿಸೋದು ಎಂಜಿನ್ ಆಯಿಲ್ಲಿನ ಒತ್ತಡ. ಆಯಿಲ್ ಹೋಗೋ ದಾರೀಲಿ ಉಗುರಿನಷ್ಟು ಒಂದು ಜಾಲರಿ ಇದೆ. ಒಂದೇ ಒಂದು ಬೋಲ್ಟ್. ಬಿಚ್ಚಿ ನೋಡೋಣ."

ಸಿಫುವಿನ ಮುಖ ಒಂದು ಕ್ಷಣ ಸಪ್ಪಗಾಯಿತು. ಆ ಜಾಲರಿಯಲ್ಲಿ ಏನು ಸಿಕ್ಕಿಕೊಂಡಿರಬಹುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವನ ಕೈ ಧಾರಾಳದ್ದು. ಎಂಜಿನ್ನಿನ ಮುಚ್ಚಳ ಕೂರಿಸುವಾಗ ಆಯಿಲ್ ಸೋರದಿರಲೆಂದು ಹಚ್ಚುವ ಸಿಲಿಕೋನ್ ಅಂಟನ್ನು ಸಣ್ಣ ಎಳೆಯಷ್ಟು ಹಚ್ಚಿದರೆ ಸಾಕು. ಇವನು ಬ್ರೆಡ್ಡಿಗೆ ಜಾಮ್ ಬಳಿದ ಹಾಗೆ ಬಳಿಯುತ್ತಿದ್ದ. ಹೊರಗೆ ಉಕ್ಕಿದ್ದನ್ನು ಒರೆಸಬಹುದು, ಒಳಗೆ ಉಕ್ಕಿ ಚೂರುಚೂರಾಗಿ ಆಯಿಲ್ಲಿಗೆ ಬಿದ್ದದ್ದನ್ನು ಒರೆಸುವವರು ಯಾರು?

ಆದರೂ ಕ್ಯಾಮೆರಾ ನೋಡುತ್ತಿತ್ತು. "ಬಿಚ್ಚೋಣ, ಅದಕ್ಕೇನಂತೆ!" ಎಂದು ಎದೆ ಉಬ್ಬಿಸಿದ. ಆಮೇಲೆ, ಕಡಲಾಚೆಯ ಸಬಾದಿಂದ ತಾನೇ ಕರೆತಂದಿದ್ದ ಹಿರಿಯ ಮೆಕ್ಯಾನಿಕ್ ಹ್ಯೂನ ಕಡೆ ತಿರುಗಿದ. ತವಮಣಿಯಂಥ ಇಪೋದ ತಮಿಳರಿಗೆ ಊರಿನ ಚೀನೀ ಮಾತಾದ ಕ್ಯಾಂಟನೀಸ್ ಚೆನ್ನಾಗಿ ಬರುತ್ತದೆ ಎಂಬಷ್ಟು ತಿಳುವಳಿಕೆ ಸಿಫುವಿಗಿತ್ತು. ಆದ್ದರಿಂದ ಜಾಣನ ಹಾಗೆ ತಮ್ಮಿಬ್ಬರ ಮನೆಮಾತಾದ ಹಕ್ಕಾ ಎಂಬ ಇನ್ನೊಂದು ಚೀನೀ ನುಡಿಗೆ ಜಾರಿ, ಹವಾಮಾನ ಹೇಳುವ ದನಿಯಲ್ಲಿ ಹೇಳಿದ:

"ಡ್ರಾಯರಲ್ಲಿ ಹೊಸ ಜಾಲರಿ ಇದೆ, ಜೇಬಿಗೆ ಹಾಕ್ಕೊ. ಹಳೇದನ್ನ ಬಟ್ಟೆ ಒಳಗೆ ಮುಚ್ಚಿಡು, ಹೊಸದನ್ನ ತೋರ್ಸು. ಈ ಹೆಂಗಸಿಗೆ ಏನ್ ಗೊತ್ತಾಗತ್ತೆ."

ತವಮಣಿಯ ಅಪ್ಪ ಮೂವತ್ತು ವರ್ಷ ದುಡಿದದ್ದು ತವರದ ಗಣಿಗಳಿಗೆ ಪಂಪು ಎರಕ ಹೊಯ್ಯುವ ಒಂದು ಹಕ್ಕಾ ಕಾರ್ಖಾನೆಯಲ್ಲಿ. ತವಮಣಿ ಅರ ಹಿಡಿಯಲು ಕಲಿತದ್ದೂ ಅಲ್ಲೇ, ಬೈಗುಳ ಕಲಿತದ್ದೂ ಅಲ್ಲೇ. ಎರಡೂ ಹಕ್ಕಾದಲ್ಲಿ.

ಅವಳು ಅದೇ ಹವಾಮಾನದ ದನಿಯಲ್ಲಿ, ಅದೇ ಹಕ್ಕಾದಲ್ಲಿ ಹೇಳಿದಳು: "ಹ್ಯೂ ಅಣ್ಣ, ಹೊಸದು ಡ್ರಾಯರಲ್ಲೇ ಇರ್ಲಿ. ಹಳೇದನ್ನೇ ತನ್ನಿ. ನಿಮ್ಮ ಸಿಫುಗೆ ಜೇಬು ಕತ್ತರಿಸೋ ವಿದ್ಯೆನೂ ಬರತ್ತೆ ಅಂತ ಇವತ್ತೇ ಗೊತ್ತಾಗಿದ್ದು."

ಹ್ಯೂನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ಅವನು ಮೊದಲು ಸಿಫುವನ್ನು ನೋಡಿದ, ಆಮೇಲೆ ತವಮಣಿಯನ್ನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಗುಂಪಿನಲ್ಲಿದ್ದ ಇಬ್ಬರು ಹಕ್ಕಾ ಹುಡುಗರೂ ನಕ್ಕರು. ಉಳಿದವರು "ಏನು? ಏನಂದ್ರು?" ಎಂದು ಅವರ ತೋಳು ಜಗ್ಗಿದರು. ಸಿಫು ಕೋಲಿನ ಮೇಲಿನ ಫೋನಿಗೆ ಕೈ ಹಾಕಿ, "ಸ್ನೇಹಿತರೇ, ಲೈನ್ ಸರಿ ಇಲ್ಲ, ಆಮೇಲೆ ಸಿಗೋಣ" ಎಂದು ಆರಿಸಿಬಿಟ್ಟ.

ಜಾಲರಿ ಹೊರಬಂತು. ಅದರ ಕಣ್ಣುಗಳಲ್ಲೆಲ್ಲ ನೀಲಿ ಸಿಲಿಕೋನಿನ ಚೂರು. ಹ್ಯೂ ಮುಚ್ಚಳವನ್ನೂ ತೆಗೆದ. ಒಳ ಅಂಚಿನಲ್ಲಿ ನೀಲಿ ಗೊಣ್ಣೆ ಸುರುಳಿ ಸುರುಳಿಯಾಗಿ ಜೋತು ಬಿದ್ದಿತ್ತು. ಅವನು ಯಾರ ಅಪ್ಪಣೆಯನ್ನೂ ಕೇಳದೆ ಅದನ್ನೆಲ್ಲ ಹೆರೆದು, ಆಯಿಲ್ ಬದಲಿಸಿ, ಎಳೆಯಷ್ಟೇ ಅಂಟು ಹಚ್ಚಿ ಕೂರಿಸಿದ. ಮಧ್ಯಾಹ್ನ ಮತ್ತೆ ಓಡಿಸಿದಾಗ ಎರಡು ಗೆರೆಗಳೂ ಜೋಡೆತ್ತಿನಂತೆ ಒಟ್ಟಿಗೆ ಹೋದವು. ಕ್ಯಾಮ್ ಹೊತ್ತಿಗೆ ಸರಿಯಾಗಿ ತಿರುಗಿದ್ದರಿಂದ ಆ ದೊಡ್ಡ ಟರ್ಬೊ ಮೊದಲಿಗಿಂತ ಎಷ್ಟೋ ಬೇಗ ಎಚ್ಚೆತ್ತು ತಳ್ಳತೊಡಗಿತು. ಗರಿಷ್ಠ ಶಕ್ತಿಯ ಸಂಖ್ಯೆ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಪಡ್ಡೆಗಳಿಗೆ ನಿರಾಸೆಯಾಯಿತು. ಶಹ್ರಿಲ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಅಕ್ಕ, ಕಾಲಿಟ್ರೆ ಸಾಕು, ಎಳ್ಕೊಂಡು ಹೋಗತ್ತೆ" ಎಂದು ಸ್ಟೀರಿಂಗ್ ಬಿಡದೆ ಕೂತಿದ್ದ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ತವಮಣಿ ಅಂದುಕೊಂಡಳು. ಸಿಫುಗಳ ಬಗ್ಗೆ ಅಷ್ಟು ತಿಳಿದವಳೂ ಹಾಗೆ ಅಂದುಕೊಂಡದ್ದು ಅವಳ ಪೆದ್ದುತನ. ಭಾನುವಾರ ಹೊಸ ವಿಡಿಯೊ ಬಂತು: "ಸ್ನೇಹಿತರೇ, ನಾನು ಯಾವಾಗ್ಲೂ ಹೇಳೋದು ಇದನ್ನೇ, ಮೊದಲು ಜಾಲರಿ ನೋಡಿ!" ಅದರಲ್ಲಿ ಅವಳ ಸುದ್ದಿಯೇ ಇಲ್ಲ. ಸಿಕ್ಕಾಪಟ್ಟೆ ಉಜ್ಜಿದ ಬುಂತೋಂಗಿನ ಆಂಟಿಯ ಹಳೆಯ ವಿಡಿಯೊ ಮಾತ್ರ ಇದ್ದಲ್ಲೇ ಇತ್ತು. ಜನ ಅದನ್ನೇ ನೋಡುತ್ತಿದ್ದರು. ಸೋಮವಾರ ಒಂದೂ ಹೆಡ್ ಬರಲಿಲ್ಲ, ಮಂಗಳವಾರವೂ ಇಲ್ಲ. ಅವಳು ಮೆಷಿನ್ನಿಗೆ ಎಣ್ಣೆ ಹಚ್ಚಿದಳು, ಹಚ್ಚಿದ್ದನ್ನೇ ಒರೆಸಿ ಮತ್ತೆ ಹಚ್ಚಿದಳು. ಕೈ ಸುಮ್ಮನಿದ್ದರೆ ಅಳು ಬರುವ ಹಾಗಿತ್ತು.

ಶುಕ್ರವಾರ ಸಿಫು ತಾನೇ ಬಂದ. ಕಸೂತಿ ಅಂಗಿ ಇರಲಿಲ್ಲ, ಫೋನಿನ ಕೋಲೂ ಇರಲಿಲ್ಲ. ವ್ಯಾನಿನಿಂದ ಮೂರು ಹೆಡ್ ಇಳಿಸಿ, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದ.

"ಅಕ್ಕ," ಎಂದ. ಆಂಟಿ ಹೋಗಿ ಅಕ್ಕ ಆಗಿತ್ತು. "ಆವತ್ತು ಬಾಯ್ತಪ್ಪಿ ಅಂದ್ಬಿಟ್ಟೆ. ಮನಸಲ್ಲಿ ಇಟ್ಕೋಬೇಡಿ. ಬೇರೆ ಕಡೆ ಒಂದು ಕೊಟ್ಟು ನೋಡ್ದೆ, ವಾಲ್ವ್ ಕೂರ್ತಾನೇ ಇಲ್ಲ."

"ಬೈದಿದ್ದು ಇಪ್ಪತ್ತು ಸಾವಿರ ಜನಕ್ಕೆ ಕೇಳೋ ಹಾಗೆ, ಕ್ಷಮೆ ಕೇಳೋದು ನನ್ನ ಕಿವೀಲಿ ಮಾತ್ರನಾ?" ಎಂದಳು ತವಮಣಿ. "ಫೋನ್ ತೆಗಿ. ಎಲ್ಲರ ಮುಂದೆ ಹೇಳು."

"ಅದೊಂದ್ ಮಾತ್ರ ಕೇಳ್ಬೇಡಿ ಅಕ್ಕ. ನನ್ನ ಮರ್ಯಾದೆ ಏನಾಗ್ಬೇಕು?"

"ಓ, ನಿನ್ನದು ಮರ್ಯಾದೆ. ನನ್ನದೇನು, ಒರೆಸೋ ಬಟ್ಟೆನಾ?"

ತವಮಣಿ ಮೂರು ಹೆಡ್ಡುಗಳನ್ನು ನೋಡಿದಳು. ವಾಪಸ್ ಕಳಿಸಿಬಿಡಬೇಕು ಎಂದು ನಾಲಗೆಯ ತುದಿಗೆ ಬಂದಿತ್ತು. ಕಳಿಸಿದರೆ ಇವನೇನೂ ಸಾಯುವುದಿಲ್ಲ, ಇನ್ನೊಂದು ವಾರಕ್ಕೆ ಹೊಸ ಸುಳ್ಳು ಹುಟ್ಟಿಸುತ್ತಾನೆ. ಹಾಳಾಗುವುದು ತನ್ನ ಹೆಸರೇ.

"ಸರಿ, ಇಟ್ಟು ಹೋಗು. ಬುಧವಾರ ಬಾ," ಎಂದಳು.

ಬುಧವಾರ ಬಂದಾಗ ಹೆಡ್ಡುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಸಿಫು ಖುಷಿಯಿಂದ ಬಗ್ಗಿದವನು ಹಾಗೇ ನಿಂತ. ಪ್ರತಿ ಹೆಡ್ಡಿನ ನೆತ್ತಿಯಲ್ಲಿ, ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಬೀಳುವ ಜಾಗದಲ್ಲಿ, ಉಕ್ಕಿನ ಅಚ್ಚಿನಿಂದ ಒಂದೊಂದೇ ಅಕ್ಷರ ಹೊಡೆದು ಕೂರಿಸಿತ್ತು: ತವಮಣಿ, ಬುಂತೋಂಗ್.

"ಇದೇನಕ್ಕ ಇದು! ಗಿರಾಕಿಗಳು ನೋಡ್ತಾರೆ!"

"ನೋಡ್ಲಿ. ತಪ್ಪಿದ್ರೆ ಹೆಸರು ಹಿಡಿದು ನೇರ ನನ್ನ ಹತ್ರಾನೇ ಬರ್ಲಿ. ಇನ್ಮೇಲೆ ನನ್ನ ಕೈಯಿಂದ ಹೊರಗೆ ಹೋಗೋ ಹೆಡ್ಡೆಲ್ಲ ಹೀಗೇ. ಬೇಡ ಅಂದ್ರೆ ವಾಲ್ವ್ ಕೂರ್ಸೋಕೆ ಬರದೋರ ಹತ್ರ ಹೋಗು."

ಸಿಫು ಉಗುರಿನಿಂದ ಅಕ್ಷರ ಕೆರೆದು ನೋಡಿದ. ಲೋಹ ಅದು, ಕಸೂತಿ ಅಲ್ಲ. ಮೂರನ್ನೂ ವ್ಯಾನಿಗೆ ಹೊತ್ತ.

ಮಾರನೆಯ ದಿನದ ಲೈವ್ ವಿಡಿಯೊವನ್ನು ತವಮಣಿ ಮಧ್ಯಾಹ್ನದ ಊಟದ ಹೊತ್ತಿಗೆ, ಶೆಡ್ಡಿನ ಬಾಗಿಲಲ್ಲಿ ಕೂತು ನೋಡಿದಳು. ಸಿಫು ಎಂದಿನಂತೆ ಹೆಡ್ಡನ್ನು ಮಗುವಿನ ಹಾಗೆ ಎತ್ತಿ ಹಿಡಿದಿದ್ದ. ಆದರೆ ಬಲಗೈ ಹೆಬ್ಬೆರಳು ಒಂದೇ ಜಾಗಕ್ಕೆ ಅಂಟಿಕೊಂಡಿತ್ತು. ಹೆಡ್ಡನ್ನು ಅತ್ತ ತಿರುಗಿಸಿದರೂ ಅಲ್ಲೇ, ಇತ್ತ ತಿರುಗಿಸಿದರೂ ಅಲ್ಲೇ. "ನಮ್ಮ..." ಎಂದವನು ಅವಳ ಹೆಸರಿನ ಮೇಲೆ ಬೆರಳಿಟ್ಟುಕೊಂಡು 'ನಮ್ಮಲ್ಲೇ' ಎನ್ನಲಾಗದೆ ಕೆಮ್ಮಿದ. ಊರಿನ ಹೆಸರು ಉದ್ದವಾಯಿತು, ಬೆರಳು ಸಾಲಲಿಲ್ಲ. ಕೊನೆಯ ಅಕ್ಷರಗಳು ಇಣುಕುತ್ತಿದ್ದವು.

ಪರದೆಯ ಕೆಳಗೆ ಜನರ ಮಾತುಗಳು ಸರಸರನೆ ಏರುತ್ತಿದ್ದವು. ಎಷ್ಟು ಕುದುರೆಶಕ್ತಿ ಎಂದು ಒಬ್ಬ, ಸದ್ದು ಕೇಳಿಸಿ ಎಂದು ಇನ್ನೊಬ್ಬ. ಅವುಗಳ ನಡುವೆ ಮೇಷ್ಟ್ರು ಶಹ್ರಿಲನ ಒಂದು ಸಾಲು ಬಂತು. ಅದರ ಹಿಂದೆಯೇ ಹ್ಯೂ, ಆಮೇಲೆ ಯಾರೋ, ಆಮೇಲೆ ಇನ್ಯಾರೋ, ಎಲ್ಲರೂ ಅದೇ ಸಾಲನ್ನು ಹಾಕತೊಡಗಿದರು:

"ಸಿಫು, ಹೆಬ್ಬೆರಳು ತೆಗೀರಿ."