ಸುಷ್ಮಿತಾಳ ಹೊಳೆಯುವ ಕಾರ್ಡು

ಕೀರ್ತನಾಳ ಬಳಿ ಬೆಂಗಳೂರಿನ ಹೆಣ್ಣುಮಕ್ಕಳ ಕ್ರಿಕೆಟ್ ತಂಡದ ಹದಿನಾಲ್ಕು ಕಾರ್ಡುಗಳಿದ್ದವು. ಬೇಕಾಗಿದ್ದುದು ಇನ್ನೊಂದೇ, ನಾಯಕಿಯದು. ಓರೆಯಾಗಿ ಹಿಡಿದರೆ ಬಂಗಾರದಂತೆ ಹೊಳೆಯುವ ಕಾರ್ಡು. ಹಿರಿಯೂರಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಎಷ್ಟು ಪ್ಯಾಕೆಟ್ ಕೊಂಡು ಒಡೆದರೂ ಅದು ಸಿಕ್ಕಿರಲಿಲ್ಲ. ವಿಕೆಟ್ ಕೀಪರ್ ಮಾತ್ರ ಮೂರು ಸಲ ಬಂದಿದ್ದಳು.

ಕಾರ್ಡು ಬದಲಾಯಿಸಿಕೊಳ್ಳಲು ಜಿಲ್ಲೆಯ ಹುಡುಗಿಯರು ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದರು. ಅಮ್ಮ ಯಲ್ಲಕ್ಕನ ಫೋನಿನಿಂದ ಕೀರ್ತನಾ ಅದರಲ್ಲಿ ಸೇರಿದ್ದಳು. ಸುಷ್ಮಿತಾ ಸಿಕ್ಕಿದ್ದು ಅಲ್ಲೇ. ತಾನೂ ಹತ್ತನೇ ಕ್ಲಾಸು, ಮನೆ ಮಾರಿಕಣಿವೆಯಲ್ಲಿ ಎಂದು ಬರೆದಿದ್ದಳು. ಎರಡು ತಿಂಗಳಲ್ಲಿ ಕೀರ್ತನಾ ಅವಳಿಗೆ ಎಲ್ಲವನ್ನೂ ಹೇಳಿಕೊಂಡಿದ್ದಳು: ಅಪ್ಪ ಕುರಿ ಹೊಡೆದುಕೊಂಡು ದೂರ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ, ಗಣಿತ ತಲೆಗೆ ಹತ್ತುವುದಿಲ್ಲ, ಎಲ್ಲ. ಕೊನೆಗೆ ಸುಷ್ಮಿತಾ ನಾಯಕಿಯ ಕಾರ್ಡಿನ ಫೋಟೊ ಕಳಿಸಿ, ಶನಿವಾರ ಶಾಲೆ ಬಿಟ್ಟ ಮೇಲೆ ಬಾ, ಎರಡು ವಿಕೆಟ್ ಕೀಪರ್ ಕೊಟ್ಟು ತಗೊಂಡು ಹೋಗು ಎಂದಳು. ಮನೆಯಲ್ಲಿ ಸ್ಪೆಷಲ್ ಕ್ಲಾಸ್ ಅಂತ ಹೇಳು ಎಂದು ಉಪಾಯವನ್ನೂ ಅವಳೇ ಹೇಳಿಕೊಟ್ಟಳು. ಈ ಮೆಸೇಜ್ ಅಳಿಸಿಬಿಡು, ಯಾರಿಗೂ ಗೊತ್ತಾಗಬಾರದು ಎಂದಳು. ಕೀರ್ತನಾ ಅಳಿಸಿದಳು.

ಶನಿವಾರ ಮಾರಿಕಣಿವೆಯಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಒಂದೂವರೆ. ಬಿಸಿಲಿಗೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಣೆಕಟ್ಟೆಯ ಕಡೆಗಿನ ತಿರುವಿನಲ್ಲಿ, ಹುಣಸೆಮರದಡಿ, ನಲವತ್ತರ ಆಸುಪಾಸಿನ ಒಬ್ಬ ಗಂಡಸು ಬೈಕಿಗೆ ಒರಗಿ ನಿಂತಿದ್ದ.

"ಕೀರ್ತನಾ ಅಲ್ವಾ? ನಾನು ಸುಷ್ಮಿತಾನ ಮಾವ. ಅವ್ಳಿಗೆ ಜ್ವರ, ಮಲಗವ್ಳೆ. ಕಾರ್ಡು ಮನೇಲೈತೆ. ಬೈಕ್ ಹತ್ತು, ಐದು ನಿಮಿಷದ ದಾರಿ."

"ಇಲ್ಲಿಗೇ ತಂದ್ಕೊಡ್ರಿ ಮಾವ. ನಾನಿಲ್ಲೇ ಇರ್ತೀನಿ."

ಅವನು ನಕ್ಕ. "ನಿನ್ನ ನೋಡ್ಬೇಕು ಅಂತ ಅಳ್ತಾ ಅವ್ಳೆ. ಸ್ಪೆಷಲ್ ಕ್ಲಾಸ್ ಅಂತ ಹೇಳಿ ಬಂದಿದೀಯಲ್ಲ, ಬೇಕಾದಷ್ಟು ಟೈಮ್ ಐತೆ."

ಯಾರಿಗೂ ಗೊತ್ತಾಗಬಾರದು ಎಂದು ಮೆಸೇಜ್ ಅಳಿಸಲು ಹೇಳಿದ ಹುಡುಗಿ ಅದನ್ನೇ ತನ್ನ ಮಾವನಿಗೆ ಹೇಳುತ್ತಾಳೆಯೇ? ಹಾಗಾದರೆ ಆ ಮೆಸೇಜ್ ಬರೆದವರು ಯಾರು? ಕೀರ್ತನಾ ಅವನ ಕೈಗಳನ್ನು ನೋಡಿದಳು. ಎರಡು ತಿಂಗಳಿಂದ ತನಗೆ ಶುಭರಾತ್ರಿ ಹೇಳುತ್ತಿದ್ದದ್ದು ಈ ಬೆರಳುಗಳು. ಸುಷ್ಮಿತಾ ಎಂಬವಳು ಎಲ್ಲೂ ಇಲ್ಲ.

ಓಡಬೇಕೆನಿಸಿತು. ಸುತ್ತ ನೋಡಿದಳು. ನೂರು ಹೆಜ್ಜೆ ಆಚೆ, ನೀರಿನ ದಂಡೆಯಲ್ಲಿ, ಪ್ಲಾಸ್ಟಿಕ್ ಹಾಳೆಯ ನೆರಳಲ್ಲಿ ಹೊಗೆ ಏಳುತ್ತಿತ್ತು. ಯಾರೋ ಹೆಂಗಸು ಮೀನು ಕರಿಯುತ್ತಿದ್ದಳು.

"ಅಲ್ಲಿ ನಮ್ಮ ದೊಡ್ಡಮ್ಮ ಅವ್ಳೆ. ಹೇಳ್ಬಿಟ್ಟು ಬರ್ತೀನಿ," ಎಂದಳು ಕೀರ್ತನಾ. ಆ ದನಿ ತನ್ನದೇ ಎಂದು ಅವಳಿಗೆ ಅನಿಸಲಿಲ್ಲ.

ಓಡಿದರೆ ಸಿಕ್ಕಿಬೀಳುತ್ತೇನೆಂದು ಅವಳು ನಡೆದೇ ಹೋದಳು. ಹಿಂದೆ ಬೈಕ್ ಶುರುವಾದ ಸದ್ದು. ಅದು ಮುಂದೆ ಹೋಗಲಿಲ್ಲ, ಅವಳ ನಡಿಗೆಯಷ್ಟೇ ನಿಧಾನವಾಗಿ ಬೆನ್ನಿಗೇ ಬಂತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ದೊಡ್ಡಮ್ಮ..." ಎಂದು ಕರೆದಳು.

ಹೆಂಗಸು ತಲೆಯೆತ್ತಿದಳು. ಹುಡುಗಿಯ ಮುಖ ನೋಡಿದಳು, ಹಿಂದಿದ್ದ ಬೈಕ್ ನೋಡಿದಳು. ಅವಳ ಹೆಸರು ಬರಗೇರಮ್ಮ ಎಂದು ಕೀರ್ತನಾಳಿಗೆ ಗೊತ್ತಾದದ್ದು ಆಮೇಲೆ.

"ಎಷ್ಟೊತ್ತೇ ಬರಾದು? ನಿಮ್ಮಪ್ಪ ಕಾದು ಕಾದು ಸಾಕಾಗಿ ದೋಣಿ ಹತ್ತಿದ. ಬಾ, ಈ ಕಡೆ ಬಂದು ಕುಂತ್ಕ."

ಕೀರ್ತನಾ ಒಲೆಯಿಟ್ಟಿದ್ದ ಮೇಜಿನ ಹಿಂದೆ ನೆಲದ ಮೇಲೆ ಕೂತಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. ಅವು ಹತ್ತಿರ ಬಂದು ನಿಂತವು.

"ಹುಡುಗಿ ನಿಮ್ಮೋಳಾ?"

"ನಮ್ಮ ತಂಗಿ ಮಗ್ಳು. ನೀನ್ಯಾರಪ್ಪ?"

"ಮೀನು ತಗಳಾಣ ಅಂತ..."

"ನಿಂತ್ಕ, ಕರೀತೀನಿ."

ಎಣ್ಣೆ ಚುರುಗುಟ್ಟಿತು. ಬೂಟುಗಳು ಕದಲಲಿಲ್ಲ. ಕೀರ್ತನಾ ಕಾರ್ಡುಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವುಗಳ ಮೂಲೆಗಳು ಅಂಗೈಯನ್ನು ಚುಚ್ಚುತ್ತಿದ್ದವು. ಬರಗೇರಮ್ಮ ನೀರಿನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು: "ಲೇ ಚಿತ್ತಯ್ಯ! ಎಲ್ರನ್ನೂ ಕರ್ಕಂಡು ಬಾರ್ಲಾ! ಮಗ ಬಂದೈತೆ!"

ಕೀರ್ತನಾ ಇಣುಕಿ ನೋಡಿದಳು. ನೀರಿನ ಮೇಲೆ ಒಂದು ದೋಣಿಯೂ ಇರಲಿಲ್ಲ, ದಂಡೆಯಲ್ಲೂ ಯಾರಿರಲಿಲ್ಲ. ಅವನೂ ಈಗ ಅತ್ತ ನೋಡಿದರೆ? ಬೂಟುಗಳು ಹಿಂದೆ ಸರಿದವು. ಬೈಕಿನ ಸದ್ದು ರಸ್ತೆಗೆ ಏರಿ ದೂರವಾಯಿತು.

ಬರಗೇರಮ್ಮ ಸೌಟು ಕೆಳಗಿಟ್ಟಳು.

"ಚಿತ್ತಯ್ಯ ಯಾರು?" ಎಂದು ಕೀರ್ತನಾ ಕೇಳಿದಳು.

"ನನ್ನ ಗಂಡ. ಸತ್ತು ಆರು ವರ್ಷ ಆತು. ಬಾಯಿಗೆ ಅದೇ ಹೆಸ್ರು ಬಂತು ನೋಡವ್ವ. ಆ ಬೈಕಿನ ನಂಬರ್ ನೋಡ್ಕಂಡ್ಯಾ? ನಂಗೆ ಓದಕ್ಕೆ ಬರಲ್ಲ."

ಕೀರ್ತನಾ ನೋಡಿಕೊಂಡಿರಲಿಲ್ಲ. ಆಗ ಅಳು ಬಂತು.

ಬರಗೇರಮ್ಮನ ಫೋನಿನಿಂದ ಕರೆ ಹೋದ ಒಂದೂವರೆ ಗಂಟೆಯ ನಂತರ ಯಲ್ಲಕ್ಕ ಬಸ್ಸಿಳಿದಳು. ಅಮ್ಮ ಹೊಡೆಯುತ್ತಾಳೆ ಎಂದು ಕೀರ್ತನಾ ಹೆದರಿದ್ದಳು. ಯಲ್ಲಕ್ಕ ಹೊಡೆಯಲಿಲ್ಲ. ಮಗಳ ಮುಖವನ್ನೂ ತೋಳುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ, "ಹತ್ತಲಿಲ್ಲ ತಾನೆ? ಅವನ ಬೈಕ್ ಹತ್ತಲಿಲ್ಲ ತಾನೆ?" ಎಂದು ಮೂರು ಸಲ ಕೇಳಿದಳು.

ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಫೋನ್ ತೆಗೆದರು. ಸುಷ್ಮಿತಾಳ ಹೆಸರಿನ ಉಳಿದ ಮೆಸೇಜುಗಳೆಲ್ಲ ಹಾಗೇ ಇದ್ದವು. ಕಾರ್ಡಿನ ಗ್ರೂಪಿನಲ್ಲಿ ಇನ್ನೂ ಹನ್ನೊಂದು ಹುಡುಗಿಯರಿದ್ದರು. ಗ್ರೂಪಿನಲ್ಲಿ ಹಾಕಿದರೆ ಅವನಿಗೂ ಕಾಣುತ್ತದೆಂದು ಕೀರ್ತನಾ ನಡೆದದ್ದನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದಳು. ಹೊಸದುರ್ಗದ ದೀಪಾಳಿಂದ ತಕ್ಷಣ ಉತ್ತರ ಬಂತು.

"ನಂಗೆ ಸುಷ್ಮಿತಾ ನಾಳೆ ಬೆಳಗ್ಗೆ ಇಲ್ಲಿನ ಬಸ್ ಸ್ಟ್ಯಾಂಡಿಗೆ ಬಾ ಅಂದವ್ಳೆ. ನಾಯಕಿ ಕಾರ್ಡು ಕೊಡ್ತಾಳಂತೆ."

ಕೀರ್ತನಾ ಅದನ್ನು ಅಮ್ಮನಿಗೆ ಓದಿ ಹೇಳಿದಳು. ಯಲ್ಲಕ್ಕ ಫೋನ್ ಕಸಿದುಕೊಂಡು ದೀಪಾಳಿಗೆ ಕರೆಮಾಡಿ, "ಮಗಾ, ಮೊದ್ಲು ನಿಮ್ಮವ್ವನ ಕೈಗೆ ಫೋನ್ ಕೊಡು" ಎಂದಳು. ಹಿರಿಯೂರಿನಲ್ಲಿ ಇಳಿದವರು ಮನೆಗೆ ಹೋಗಲಿಲ್ಲ, ನೇರ ಪೊಲೀಸ್ ಠಾಣೆಗೆ ಹೋದರು.

ಭಾನುವಾರ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಫ್ತಿಯ ಪೊಲೀಸರು ಕಾದಿದ್ದರು. ಅವನು ಬಂದ, ಸಿಕ್ಕಿಬಿದ್ದ. ಮಂಗಳವಾರ ಠಾಣೆಯಲ್ಲಿ ಮಹಿಳಾ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಆರು ಫೋಟೊಗಳನ್ನು ಸಾಲಾಗಿ ಇಟ್ಟು, "ನಿಧಾನಕ್ಕೆ ನೋಡಮ್ಮ" ಎಂದರು. ಬರೀ ಫೋಟೊ ಎಂದು ಗೊತ್ತಿದ್ದರೂ ಕೀರ್ತನಾ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಯಲ್ಲಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಇವನೇ," ಎಂದಳು ಕೀರ್ತನಾ, ನಾಲ್ಕನೆಯದನ್ನು ಮುಟ್ಟದೆ ದೂರದಿಂದಲೇ ಬೆರಳು ತೋರಿಸಿ.