ಯಾವ ನೀರಿನ ಜೀವ

"ಹಿಡಿದು ಬಿಡುವುದು ಅಂದ್ರೆ ಬಿಡುವುದೇ," ಎಂದ ಹನೀಫಾ. "ಒಂದು ಫೋಟೋ ತೆಗೆಯುವುದು, ಮತ್ತೆ ನೀರಿಗೆ. ತಿನ್ನುವ ಸುದ್ದಿಯೇ ಇಲ್ಲ. ನಿಮ್ಮಂಥ ಜೈನರಿಗೇ ಹೇಳಿ ಮಾಡಿಸಿದ ಆಟ ಮಾರಾಯ ಇದು."

ಬಂಟ್ವಾಳ ಪೇಟೆಯ ಅವನ ಪೈಂಟಿನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮೇಜಿನ ಅಂಚಿಗೆ ಸಣ್ಣದೊಂದು ಇಕ್ಕಳ ಬಿಗಿದು, ಅದರ ಬಾಯಿಗೆ ಕೊಕ್ಕೆ ಸಿಕ್ಕಿಸಿ, ಹುಂಜದ ಗರಿಯನ್ನು ನೂಲಿನಿಂದ ಸುತ್ತುತ್ತಿದ್ದ. ಸುತ್ತಿ ಮುಗಿದಾಗ ಕೊಕ್ಕೆ ಮರೆಯಾಗಿ ಕಂದು ಬಣ್ಣದ ನೊಣವೊಂದು ಕೂತಂತೆ ಕಂಡಿತು. ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಉದ್ದ ದಾರ ಬೀಸಿ ಈ ಗರಿಯ ನೊಣವನ್ನು ನೀರಿನ ಮೇಲೆ ಕೂರಿಸಿದರೆ ಸಾಕು, ಮೀನು ಮೋಸ ಹೋಗುತ್ತದೆ. ಶಾಂತಿರಾಜ ಅದನ್ನು ಅಂಗೈಯಲ್ಲಿಟ್ಟು ನೋಡಿದ. ಅರವತ್ತು ದಾಟಿದವನ ಕೈ ಹುಡುಗನ ಕೈಯಂತೆ ಬೆವರಿತ್ತು.

ಆಸೆ ಹಳೆಯದು. ಶಾಲೆಗೆ ಹೋಗುವಾಗ ಹನೀಫಾ ಹೊಳೆಬದಿಯಲ್ಲಿ ಗಾಳ ಹಾಕಿ ಕೂತರೆ ಶಾಂತಿರಾಜ ಪಕ್ಕದಲ್ಲಿ ಬರಿಗೈಯಲ್ಲಿ ಕೂರುತ್ತಿದ್ದ. ಒಮ್ಮೆ ಗಾಳದ ಕೋಲು ಮುಟ್ಟಿದ್ದು ಮನೆಯಲ್ಲಿ ಗೊತ್ತಾಗಿ ತಾಯಿ ಕೆನ್ನೆಗೆ ಬಿಟ್ಟಿದ್ದರು. ಈಗ ಬ್ಯಾಂಕಿನಿಂದ ನಿವೃತ್ತಿಯಾಗಿದೆ. ಮೂಡುಬಿದಿರೆಯಲ್ಲಿ ನಿವೃತ್ತರಾದವರಿಗೆ ಸಿಗುವುದು ಎರಡೇ: ಬಸದಿಯ ಕಮಿಟಿ ಇಲ್ಲವೇ ಸಕ್ಕರೆ ಕಾಯಿಲೆ. ಎರಡನೆಯದು ಅವನಿಗೆ ಮೊದಲೇ ಇತ್ತು.

"ಮುಂದಿನ ತಿಂಗಳು ಮುಂಡಾಜೆ ಕಡೆ ಹೋಗುವ," ಎಂದ ಹನೀಫಾ. "ನಮ್ಮ ಗಾಳದ ಕ್ಲಬ್ಬಿನವರೆಲ್ಲ ಬರ್ತಾರೆ. ನಿನಗೊಂದು ಕೋಲು ನಾನು ತರ್ತೇನೆ."

"ಮನೆಯಲ್ಲಿ ಕೇಳಿ ಹೇಳ್ತೇನೆ."

"ಕೇಳಿದ್ರೆ ಆಗ್ಲಿಕ್ಕಿಲ್ಲ ಅಂತ ನಿನಗೂ ಗೊತ್ತುಂಟು," ಎಂದು ಹನೀಫಾ ನಕ್ಕ.

ಮನೆಗೆ ಬಂದಾಗ ಹೆಂಡತಿ ಕಮಲಾವತಿ ಬಾವಿಕಟ್ಟೆಯಲ್ಲಿದ್ದಳು. ಕುಡಿಯುವ ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸಿ, ಕೊಡ ತುಂಬಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಕೆಳಗೆ ಹಿಡಿದ ತಂಬಿಗೆಗೆ ಇಳಿಸಿದಳು. ತಂಬಿಗೆಯನ್ನು ಹಗ್ಗದಲ್ಲಿ ಬಾವಿಯೊಳಗೆ ನೀರು ಮುಟ್ಟುವವರೆಗೆ ಬಿಟ್ಟು, ಅಲ್ಲಿ ಮೆಲ್ಲನೆ ಬಾಗಿಸಿದಳು. ಬಟ್ಟೆಗೆ ಅಂಟಿದ, ಕಣ್ಣಿಗೆ ಕಾಣದ ಜೀವಗಳು ಮೇಲಿನಿಂದ ಬಿದ್ದು ಸಾಯಬಾರದು. ಬೇರೆ ನೀರಿಗೆ ಸೇರಿಯೂ ಸಾಯಬಾರದು. ಯಾವ ನೀರಿನ ಜೀವವೋ ಆ ನೀರಿಗೇ. ಮದುವೆಯಾಗಿ ಬಂದ ದಿನದಿಂದ ಅವಳು ಇದನ್ನು ತಪ್ಪಿಸಿದ್ದಿಲ್ಲ.

ಶಾಂತಿರಾಜ ವಿಷಯ ಹೇಳಿದ. ಅವಳು ಹಗ್ಗ ಸುತ್ತುತ್ತಲೇ ಕೇಳಿಸಿಕೊಂಡಳು.

"ಬಾಯಿಗೆ ಕೊಕ್ಕೆ ಚುಚ್ಚುವುದು, ಆಮೇಲೆ ಹೋಗು ಅಂತ ಬಿಡುವುದು. ಅದಕ್ಕೆ ದಯೆ ಅಂತ ಹೆಸರಾ? ನಿಮಗೆ ಹೊಳೆಬದಿ ಬೇಕಾದ್ರೆ ಜಯಪ್ರಕಾಶ್ ಮಾಷ್ಟ್ರ ಬಳಗಕ್ಕೆ ಸೇರಿ. ಅವರು ಮೀನು ಉಳಿಸುವವರು. ನಾನು ಆರು ವರ್ಷದಿಂದ ಮಾಡ್ತಾ ಇರುವುದೂ ಅದನ್ನೇ ಅಲ್ವಾ?"

ಆರು ವರ್ಷದ ಹಿಂದಿನ ಹರಕೆ ಅದು. ಮೊಮ್ಮಗಳು ತ್ರಿಶಾ ಹುಟ್ಟುವಾಗಲೇ ಅವಳ ಹೃದಯದಲ್ಲಿ ತೂತು. ಮಂಗಳೂರಿನಲ್ಲಿ ಆಪರೇಷನ್ನಿನ ದಿನ, ಮಗು ಬದುಕಿದರೆ ಪ್ರತಿ ಚತುರ್ದಶಿಗೂ ಸಾಯಲಿರುವ ಜೀವಗಳನ್ನು ಬಿಡಿಸುತ್ತೇನೆ ಎಂದು ಕಮಲಾವತಿ ಹರಕೆ ಹೊತ್ತಿದ್ದಳು. ಮಗು ಬದುಕಿತು. ಐಸಿನ ಮೇಲಿನ ಮೀನನ್ನು ಬಿಡಿಸಲಾಗುವುದಿಲ್ಲವಲ್ಲ. ಜೀವಂತ ಸಿಗುತ್ತಿದ್ದುದು ಗೂಡ್ಸ್ ರಿಕ್ಷಾದಲ್ಲಿ ನೀಲಿ ಡ್ರಮ್ಮು ಇಟ್ಟುಕೊಂಡು ಬರುವ ಉಮ್ಮರನ ಹತ್ತಿರ ಮಾತ್ರ. ಮೀಸೆಯ ಕಪ್ಪು ಮೀನುಗಳು. ಅವನ್ನು ಬಕೆಟಿನಲ್ಲಿ ತುಂಬಿಕೊಂಡು, ಕಾರಿನಲ್ಲಿ ಶಿರ್ತಾಡಿ ದಾರಿಯ ಕಲ್ಲಗುಂಡಿಗೆ ಹೋಗಿ, ಹೊಳೆಯ ಆ ಆಳದ ನೀರಿಗೆ ಒಂದೊಂದಾಗಿ ಬಿಡುತ್ತಿದ್ದಳು. ಬಿಡುವ ಮೊದಲು ಪ್ರತಿಯೊಂದಕ್ಕೂ ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದಳು. ಕಾರು ಓಡಿಸುತ್ತಿದ್ದವನು ಶಾಂತಿರಾಜ.

ಹಾಗಾಗಿ ಬಳಗಕ್ಕೇ ಸೇರುವುದೆಂದಾಯಿತು. ಮುಂದಿನ ಭಾನುವಾರ ಬಳಗದವರಿಗೆ ಬಲೆ ಎಳೆಯುವ ಕೆಲಸ ಇದ್ದದ್ದು ಕಲ್ಲಗುಂಡಿಯಲ್ಲೇ. ಪ್ರಾಣಿಶಾಸ್ತ್ರದ ಮಾಷ್ಟ್ರಾಗಿದ್ದ ಜಯಪ್ರಕಾಶ್ ಅವನಿಗೆ ಹಸಿರು ಟೀ ಶರ್ಟು ಕೊಟ್ಟು, ಎಲ್ಲರಿಗೂ ಪರಿಚಯ ಮಾಡಿಸಿದರು. ಬಲೆ ಹಿಡಿದು ಅಭ್ಯಾಸ ಇದ್ದವರು ಬೇಕೆಂದು ಕ್ಲಬ್ಬಿನವರನ್ನೂ ಕರೆದಿದ್ದರು. ಹನೀಫಾ ಲುಂಗಿ ಎತ್ತಿ ಕಟ್ಟಿ ಸೊಂಟದವರೆಗೆ ನೀರಿನಲ್ಲಿದ್ದ. ಸ್ನೇಹಿತನ ಹಸಿರು ಅಂಗಿ ನೋಡಿ ಹುಬ್ಬು ಹಾರಿಸಿದ.

ಮೊದಲ ಬಲೆ ಬಂತು. ಬಂಡೆಯ ಮೇಲೆ ಸುರಿದಾಗ ಮೀಸೆಯ ಕಪ್ಪು ಮೀನುಗಳು ದಪದಪ ಹೊರಳಿದವು. ಕೆಲವು ತೋಳುದ್ದ ಬೆಳೆದಿದ್ದವು. ಎರಡನೆಯ ಬಲೆಯಲ್ಲೂ ಅವೇ. ಮೂರನೆಯದರಲ್ಲೂ ಅವೇ.

"ಇದು ನಮ್ಮ ಊರಿನ ಮುಗುಡು ಅಲ್ಲ," ಎಂದರು ಜಯಪ್ರಕಾಶ್. "ಆಫ್ರಿಕಾದ್ದು. ಸಾಕ್ಲಿಕ್ಕೇ ನಿಷೇಧ ಉಂಟು, ಆದ್ರೂ ಕದ್ದು ಮಾರ್ತಾರೆ. ಇದಕ್ಕೆ ಮೊಟ್ಟೆ, ಮರಿ, ಕಪ್ಪೆ, ಯಾವುದೂ ಆಗ್ತದೆ." ಒಂದರ ಹೊಟ್ಟೆ ಸೀಳಿ ತೋರಿಸಿದರು. ಒಳಗಿನಿಂದ ಬೆರಳುದ್ದದ ಮೀನೊಂದು ಇಡಿಯಾಗಿ ಬಂತು. ಚಿನ್ನದ ಬಣ್ಣದ ಹುರುಪೆ ಇನ್ನೂ ಮಾಸಿರಲಿಲ್ಲ. "ಇಲ್ಲಿ ದೇವರ ಮೀನು ಇತ್ತು. ಪೊರಿ, ಮಂಡಕ್ಕಿ ಹಾಕಿದ್ರೆ ಕೈಗೆ ಬಂದು ತಿನ್ನುತ್ತಿತ್ತು. ಇದು ಬಹುಶಃ ಕೊನೆಯ ಮರಿ."

ಆಮೇಲೆ ದೊಣ್ಣೆಗಳು ಬಂದವು. ನೀರಿಗೆ ವಾಪಸು ಬಿಡುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ತಲೆಗೆ ಹೊಡೆದು, ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು. ಆ ಮೀನುಗಳಿಗೆ ಸಾವು ಸುಲಭಕ್ಕೆ ಬರುವುದಿಲ್ಲ. ಹಸಿರು ಅಂಗಿಯವರು ಮತ್ತೆ ಮತ್ತೆ ಹೊಡೆಯಬೇಕಾಯಿತು. ಶಾಂತಿರಾಜ ತನಗೆ ಕೊಟ್ಟ ದೊಣ್ಣೆಯನ್ನು ಕೆಳಗಿಟ್ಟ. ಬಂಡೆಯ ಹಿಂದೆ ಹೋಗಿ ಕೂತ. ಅವುಗಳಲ್ಲಿ ಎಷ್ಟಕ್ಕೋ ಅವನ ಹೆಂಡತಿ ಪಂಚನಮಸ್ಕಾರ ಹೇಳಿದ್ದಳು.

"ಯಾರೋ ಪುಣ್ಯಕ್ಕೆ ಬಿಟ್ಟದ್ದು," ಎಂದು ಜಯಪ್ರಕಾಶ್ ಹೇಳುವುದು ಕೇಳಿಸಿತು. "ಬಿಟ್ಟವರಿಗೆ ಸ್ವರ್ಗ, ಹೊಳೆಗೆ ನರಕ." ಎಲ್ಲರೂ ನಕ್ಕರು. "ಶಾಂತಿರಾಜರೇ, ನೀವು ಈ ದಾರಿಯಲ್ಲಿ ಓಡಾಡುವವರು. ಕಾವಲಿನ ಜವಾಬ್ದಾರಿ ನಿಮಗೆ. ಬಿಡುವವರನ್ನು ಒಮ್ಮೆ ಹಿಡಿದು ಕೊಡಿ."

"ಆಯ್ತು," ಎಂದ ಶಾಂತಿರಾಜ. ಬೇರೆ ಏನನ್ನಾದರೂ ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಬಳಗಕ್ಕೆ ಸೇರಿದ ಮೊದಲ ದಿನವೇ ಅವನಿಗೆ ಹುದ್ದೆ ಸಿಕ್ಕಿತ್ತು.

ಹನೀಫಾ ಬಂದು ಪಕ್ಕದಲ್ಲಿ ಕೂತು ಲುಂಗಿ ಹಿಂಡಿದ. ಹರಕೆಯ ವಿಷಯ ಅವನಿಗೆ ಗೊತ್ತಿತ್ತು. ಆದರೆ ಬಿಡುತ್ತಿದ್ದದ್ದು ಯಾವ ಮೀನು ಎಂದು ಅವನು ಒಂದು ದಿನವೂ ಕೇಳಿರಲಿಲ್ಲ.

"ನಾನು ಹಿಡಿದದ್ದನ್ನೆಲ್ಲ ಜೋಪಾನವಾಗಿ ಇದೇ ಕಲ್ಲಗುಂಡಿಗೆ ಬಿಟ್ಟಿದ್ದೆ," ಎಂದ. "ಬಿಟ್ಟದ್ದೆಲ್ಲ ಇದರ ಹೊಟ್ಟೆಗೆ ಹೋಯ್ತು." ಲುಂಗಿಯ ಅಂಚನ್ನು ಮತ್ತೊಮ್ಮೆ ಹಿಂಡಿದ. "ಕಮಲಕ್ಕನಿಗೆ ಹೇಳ್ಬೇಡ ಮಾರಾಯ. ಸಹಿಸ್ಲಿಕ್ಕಿಲ್ಲ."

"ನಾಡಿದ್ದು ಚತುರ್ದಶಿ," ಎಂದ ಶಾಂತಿರಾಜ.

ಚತುರ್ದಶಿಯ ಬೆಳಿಗ್ಗೆ ಉಮ್ಮರನ ರಿಕ್ಷಾ ಗೇಟಿನ ಮುಂದೆ ನಿಂತಿತು. ಕಮಲಾವತಿ ಬಕೆಟು ಹಿಡಿದು ಹೊರಟಿದ್ದಳು. ಅವತ್ತು ಉಪವಾಸ, ಮಿಂದು ಬಿಳಿ ಸೀರೆ ಉಟ್ಟಿದ್ದಳು. ಉಮ್ಮರ ಡ್ರಮ್ಮಿನಿಂದ ಮೀನು ತೆಗೆದು ಬಕೆಟಿಗೆ ಹಾಕುತ್ತಿದ್ದಂತೆ ಶಾಂತಿರಾಜ ಕಾರಿನ ಕೀಲಿಯನ್ನು ಜೇಬಿಗೆ ಹಾಕಿದ.

"ಹೋಗುವುದು ಬೇಡ," ಎಂದ. ಮತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸುಣ್ಣದ ಗುಂಡಿಯ ವಿಷಯ ಬಿಡೋಣ ಅಂದುಕೊಂಡಿದ್ದ. ಅದನ್ನೂ ಹೇಳಿಬಿಟ್ಟ. ಒಬ್ಬನೇ ಹೊರಲಾಗದೆ ಹೇಳಿದ್ದು, ಅವಳ ಒಳ್ಳೆಯದಕ್ಕೆ ಹೇಳಿದ್ದಲ್ಲ.

ಕಮಲಾವತಿ ಬಕೆಟನ್ನು ಕೆಳಗಿಟ್ಟಳು.

"ದೇವರ ಮೀನನ್ನೂ ತಿಂದವಾ?"

"ಹೂಂ."

"ಮರಿಗಳನ್ನೂ?"

ಅವನು ಹೌದೆಂದು ತಲೆಯಾಡಿಸಿದ. ಅವಳು ಉಮ್ಮರನ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

"ನನಗೇನು ಗೊತ್ತು ಅಮ್ಮ? ನಾನು ತಿನ್ನುವವರಿಗೆ ಮಾರುವುದು. ಬಿಡ್ಲಿಕ್ಕೆ ತಗೊಳ್ಳುವುದು ನೀವೊಬ್ರೇ." ಅವನು ಬಕೆಟಿಗೆ ಕೈ ಹಾಕಿದ. "ಬೇಡಾದ್ರೆ ಕೊಂಡೋಗ್ತೇನೆ. ಹೋಟೆಲಿನವರು ಕಾಯ್ತಾ ಇದ್ದಾರೆ."

"ಇಡು," ಎಂದಳು. "ಇವು ಎಲ್ಲಿಯದ್ದು? ಯಾವ ನೀರಿನದ್ದು?"

"ಟಾಂಕಿಯದ್ದು ಅಮ್ಮ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರ್ತದೆ. ಅವಕ್ಕೆ ಹೊಳೆಯೇ ಇಲ್ಲ."

ಬಿಟ್ಟರೆ ಹೊಳೆ ಸಾಯುತ್ತದೆ, ಮರಳಿಸಿದರೆ ಇವು ಸಾಯುತ್ತವೆ. ಕಮಲಾವತಿ ಬಕೆಟನ್ನು ತಾನೇ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿಗೆ ಸುರಿದಳು. ಶಾಂತಿರಾಜ ಮೀನು ಹಾರದಂತೆ ತೊಟ್ಟಿಯ ಮೇಲೆ ಹಲಗೆ ಮುಚ್ಚಿದ. ಅವಳು ಒಳಗೆ ಹೋಗುವಾಗ ಒಂದೇ ಮಾತು ಹೇಳಿದಳು.

"ತ್ರಿಶಾಗೆ ಗೊತ್ತಾಗ್ಬಾರ್ದು. ತನ್ನಿಂದ ಆಯ್ತು ಅಂದುಕೊಳ್ತಾಳೆ."

ಸಂಜೆ ಹನೀಫಾ ಫೋನು ಮಾಡಿ ಮುಂಡಾಜೆಗೆ ಬರುತ್ತೀಯಾ ಎಂದು ಕೇಳಿದ. ಬರುವುದಿಲ್ಲ ಎಂದ ಶಾಂತಿರಾಜ. ಹಾಗಾದರೆ ಬಳಗವೇ ಗಟ್ಟಿಯಾ ಎಂದ ಹನೀಫಾ. ಅದೂ ಇಲ್ಲ ಎಂದ. ಹಸಿರು ಅಂಗಿ ಒಗೆದು, ಮಡಚಿ, ಹಿಂದಿರುಗಿಸಲು ಕವರಿನಲ್ಲಿ ಹಾಕಿಟ್ಟಿದ್ದ.

ಮರುದಿನ ಬೆಳಿಗ್ಗೆ ಅವನು ಹಲಗೆ ಸರಿಸಿ ನೋಡಿದ. ಮೀನುಗಳಲ್ಲಿ ಎಲ್ಲಕ್ಕಿಂತ ಸಣ್ಣದು ಕಾಣಿಸಲಿಲ್ಲ. ತೊಟ್ಟಿಯ ತಳದಲ್ಲಿ ಅದರ ತಲೆ ಮಾತ್ರ ಉಳಿದಿತ್ತು. ಅವನು ಅದನ್ನು ಎಲೆಯಲ್ಲಿ ಎತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಹೂತು ಬಂದು, ಹಲಗೆಯನ್ನು ಮೊದಲಿನ ಹಾಗೆ ಮುಚ್ಚಿದ.

ಕಮಲಾವತಿ ಬಾವಿಕಟ್ಟೆಗೆ ಬಂದಿದ್ದಳು. ನೀರು ಸೇದಿದಳು, ಸೋಸಿದಳು, ಬಟ್ಟೆ ಮಗುಚಿ ತಂಬಿಗೆಗೆ ಇಳಿಸಿದಳು. ತಂಬಿಗೆಗೆ ಹಗ್ಗ ಕಟ್ಟಿ ಬಾವಿಯ ಮೇಲೆ ಹಿಡಿದವಳು ಬಿಡದೆ ಹಾಗೆಯೇ ನಿಂತಳು. ಹಿಂದೆ ತೊಟ್ಟಿಯೊಳಗೆ ಮೀನುಗಳು ಹಲಗೆಗೆ ತಲೆ ಬಡಿಯುವ ಸದ್ದು ಕೇಳುತ್ತಿತ್ತು.

"ಈ ನೀರು ಈ ಬಾವಿಯದ್ದೇ ಅಲ್ವಾ?" ಎಂದು ಕೇಳಿದಳು.

"ಹೌದು," ಎಂದ ಶಾಂತಿರಾಜ. "ಈಗ ತಾನೇ ನೀನೇ ಸೇದಿದ್ದು."

ಅವಳು ಮತ್ತೊಮ್ಮೆ ತಂಬಿಗೆಯೊಳಗೆ ಬಗ್ಗಿ ನೋಡಿದಳು. ಹಗ್ಗ ಅವಳ ಕೈಯಲ್ಲೇ ಇತ್ತು.